ಶಾಫ್ಟಿಗೆ ಅಂಟಿದ ಕಪ್ಪು

"ಅಜ್ಜಾರೇ, ಜೊತೆಗಿರುವವರ ದೋಷ ನಮಗೆ ಅಂಟದಂತೆ ಇರುವುದು ಹೇಗೆ?" ಎಂದು ಗುರುಪಾದ ಕೇಳಿದ.

ಅವನು ಮಠದ ದಾಸೋಹದ ಮನೆಯಿಂದ ನೇರವಾಗಿ ಬಂದಿದ್ದ. ಬಗಲಲ್ಲಿ ಬಟ್ಟೆಯ ಗಂಟು ಇತ್ತು. ಪಾಠಶಾಲೆ ಮುಗಿಸಿ ಬಂದವನನ್ನು ಮಠದ ಸ್ವಾಮಿಗಳಾದ ಅಜ್ಜಾರು ಅಡುಗೆಯ ಸಿದ್ರಾಮಣ್ಣನ ಕೈಕೆಳಗೆ ಹಾಕಿದ್ದರು. ಅದು ಅವನಿಗೆ ಸಾಕುಸಾಕಾಗಿತ್ತು.

"ಸಿದ್ರಾಮಣ್ಣ ಬಾಯಿ ತೆರೆದರೆ ಬೈಗುಳ. ಹಂಡೆ ಇಳಿಸುವಾಗ ಒಲೆಯ ಕಡೆಯ ಬಿಸಿ ಹಿಡಿಕೆಯನ್ನು ತಾನೇ ಹಿಡಿಯುತ್ತಾನೆ, ಹಿಡಿದು ನನ್ನನ್ನು ಬೈಯುತ್ತಾನೆ. ಹೋಗಲಿ ಎಂದರೆ ಈಗ ನನ್ನ ಬಾಯಿಗೂ ಅವನ ಮಾತೇ ಬರುತ್ತಿದೆ. ನಿನ್ನೆ ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರಿಗೆ, 'ಇನ್ನೊಂದು ರೊಟ್ಟಿ ತಿನ್ನದೆ ಅದು ಹೇಗೆ ಏಳುತ್ತೀರೋ ನೋಡುತ್ತೇನೆ' ಎಂದು ಥೇಟ್ ಅವನಂತೆ ಗದರಿಬಿಟ್ಟೆ! ದಿನವೂ ಬೆಳಿಗ್ಗೆ ಜಪಕ್ಕೆ ಕೂತು ನಾಲಿಗೆಗೆ ಅಂಟಿದ ಅವನನ್ನು ತಿಕ್ಕಿ ತೊಳೆಯುತ್ತೇನೆ. ಸಂಜೆಗೆ ಮತ್ತೆ ಅದೇ. ನನ್ನನ್ನು ಬೇರೆ ಮಠಕ್ಕೆ ಕಳಿಸಿ. ಅಪ್ಪಣೆಯಾಗುವವರೆಗೆ ಇಲ್ಲಿಂದ ಏಳುವುದಿಲ್ಲ."

ಅಜ್ಜಾರು ಗಂಟನ್ನು ನೋಡಿದರು. "ಕೊಡೋಣ, ಅಪ್ಪಣೆಗೇನು. ಮೊದಲು ಆ ಗಂಟನ್ನು ಕೆಳಗಿಡು, ಅದೇನೂ ಓಡಿಹೋಗುವುದಿಲ್ಲ," ಎಂದು ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಮಹಾ ಹಠಮಾರಿ. ಅಣ್ಣನ ಕಿರಾಣಿ ಅಂಗಡಿಯಲ್ಲಿದ್ದವನು ಒಂದು ದಿನ ಜಗಳವಾಡಿ ಹೊರಬಿದ್ದ. ಕಡಲೆ ಹುರಿದು ಪುಟಾಣಿ ಮಾಡುವ ಹಳೆಯ ಭಟ್ಟಿಯೊಂದನ್ನು ಕೊಂಡ. ಅಣ್ಣನೇನು ಕಡಿಮೆಯವನೇ? "ದೀಪಾವಳಿಯವರೆಗೆ ನೋಡುತ್ತೇನೆ. ಹಬ್ಬದ ದಿನ ನಿನ್ನ ಭಟ್ಟಿ ಓಡದೆ ನಿಂತುಹೋಗಿದ್ದರೆ ಬಾಯಿ ಮುಚ್ಚಿಕೊಂಡು ಬಂದು ನನ್ನ ಅಂಗಡಿಯಲ್ಲಿ ತಕ್ಕಡಿ ಹಿಡಿ," ಎಂದ. ತಮ್ಮ "ಹಿಡಿಯುತ್ತೇನೆ" ಎಂದುಬಿಟ್ಟ. ಇನ್ನು ಭಟ್ಟಿ ಓಡಲೇಬೇಕು, ಬೇರೆ ದಾರಿಯಿಲ್ಲ.

ಭಟ್ಟಿ ಎಂದರೆ ಬೆಂಕಿಯ ಮೇಲೆ ತಿರುಗುವ ದೊಡ್ಡ ಡ್ರಮ್ಮು. ಅದರ ನಡುವೆ ಹಾದುಹೋಗುವ ಉಕ್ಕಿನ ಶಾಫ್ಟು. ಶಾಫ್ಟಿನ ಎರಡೂ ತುದಿಗಳು ಒಂದೊಂದು ಬುಷ್‌ನೊಳಗೆ, ದಪ್ಪ ಬಳೆಯಂಥ ಆಸರೆಯೊಳಗೆ, ಕೂತು ತಿರುಗುತ್ತವೆ. ಅಲ್ಲಿಗೆ ಎಣ್ಣೆ ಬಿಡುವಂತಿಲ್ಲ. ಬಿಟ್ಟರೆ ಕಾವಿಗೆ ಸುಟ್ಟು ಪುಟಾಣಿಗೆಲ್ಲ ಕಮಟು ವಾಸನೆ. ಅದಕ್ಕೇ ಬುಷ್ ಗ್ರಾಫೈಟಿನದು. ಪೆನ್ಸಿಲ್ಲಿನೊಳಗೆ ಕಡ್ಡಿ ಇರುತ್ತದಲ್ಲ, ಅದರ ಜಾತಿ. ಕರಿಯದು, ಮೆತ್ತನೆಯದು.

ವ್ಯಾಪಾರಿಗಳ ಪದ್ಧತಿ ನೀನೂ ಬಲ್ಲೆ, ಅಮಾವಾಸ್ಯೆ ಬಂತೆಂದರೆ ಯಂತ್ರಕ್ಕೆ ಪೂಜೆ. ಮೊದಲ ಅಮಾವಾಸ್ಯೆಗೆ ಇವನು ಭಟ್ಟಿ ತೊಳೆಯಲು ನಿಂತ. ಬಲಗಡೆಯ ಬುಷ್ ಬಿಚ್ಚಿ ನೋಡಿದರೆ ಶಾಫ್ಟೆಲ್ಲ ಕಪ್ಪು! "ಥೂ, ಇಷ್ಟು ಕೊಳಕೇ!" ಎಂದು ಲೋಹ ಉಜ್ಜುವ ಎಮರಿ ಕಾಗದ ತಂದು ಮುಖ ಕಾಣುವಂತೆ ತಿಕ್ಕಿದ. ಎಡತುದಿ ಗೋಡೆಯ ಸಂದಿನಲ್ಲಿತ್ತು, ಅಲ್ಲಿಗೆ ಕೈ ಹೋಗುತ್ತಿರಲಿಲ್ಲ. ಅದನ್ನು ದೇವರು ಕ್ಷಮಿಸಲಿ ಎಂದು ಬಿಟ್ಟ. ಹೊಳೆಯುವ ಉಕ್ಕಿಗೆ ಕುಂಕುಮ ಇಟ್ಟು ಕಾಯಿ ಒಡೆದಾಗ ಅವನಿಗೆ ಮನಸ್ಸು ತುಂಬಿಬಂತು.

ಮರುದಿನ ಡ್ರಮ್ಮು ಕಿರ್ರೋ ಎಂದಿತು. ಬಲಬುಷ್‌ನಿಂದ ಕರಿ ಪುಡಿ ಉದುರತೊಡಗಿತು. ಕೆಲವು ದಿನಕ್ಕೆ ಸದ್ದು ಅಡಗಿತು. ಅಷ್ಟರಲ್ಲಿ ಮುಂದಿನ ಅಮಾವಾಸ್ಯೆ. ಬಿಚ್ಚಿದರೆ ಮತ್ತೆ ಕಪ್ಪು! ಮತ್ತೆ ತಿಕ್ಕಿದ, ಮತ್ತೆ ಕಿರ್ರೋ. ತಿಂಗಳು ತಿಂಗಳೂ ಇದೇ ಕತೆ. ಬಲಬುಷ್ ಸವೆಸವೆದು ಡ್ರಮ್ಮು ಅತ್ತ ವಾಲಿತು. ಒಂದು ಕಡೆಯ ಪುಟಾಣಿ ಸೀದುಹೋಯಿತು, ಇನ್ನೊಂದು ಕಡೆಯದು ಹಸಿಯಾಗಿಯೇ ಉಳಿಯಿತು. ಗಿರಾಕಿಗಳು ಮುಖ ಸಿಂಡರಿಸಿದರು. ಅಣ್ಣ ಓಣಿಯಲ್ಲಿ ಹೋಗುವಾಗ ಬೇಕೆಂದೇ ಭಟ್ಟಿಯ ಮುಂದೆ ನಿಂತು ಆ ಕಿರುಚಾಟ ಕೇಳಿಸಿಕೊಂಡು ಹೋಗುತ್ತಿದ್ದ.

ವ್ಯಾಪಾರಿಗೆ ಬುಷ್ ಮೇಲೆ ಸಿಟ್ಟು ಬಂತು. "ಈ ಮೆತ್ತನೆಯ ಹಾಳು ವಸ್ತುವಿನಿಂದಲೇ ನನ್ನ ಮಾನ ಹೋಗುತ್ತಿದೆ. ಗಟ್ಟಿಗೆ ಗಟ್ಟಿಯೇ ಸರಿ" ಎಂದು ಲೇತ್‌ನವನ ಹತ್ತಿರ ಉಕ್ಕಿನ ಬುಷ್ ಮಾಡಿಸಿ ಹಾಕಿದ. ಉಕ್ಕನ್ನು ಉಕ್ಕಿಗೆ ಒಣಒಣ ಉಜ್ಜಿದರೆ ಏನಾಗುತ್ತದೆ? ಮಧ್ಯಾಹ್ನದೊಳಗೆ ಎರಡೂ ಒಂದನ್ನೊಂದು ಕಚ್ಚಿಕೊಂಡವು. ಡ್ರಮ್ಮು ನಿಂತೇಹೋಯಿತು. ಬರುವ ಅಮಾವಾಸ್ಯೆಯೇ ದೀಪಾವಳಿ.

ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವನು ಕೂರಲಿಲ್ಲ. ಜನ ಕರೆದು ಇಡೀ ಡ್ರಮ್ಮನ್ನೇ ಇಳಿಸಿದ. ಶಾಫ್ಟಿನ ಬಲತುದಿ ನೋಡಿದ, ಉದ್ದಕ್ಕೂ ಗೀರು. ಎಡತುದಿ ನೋಡಿದ. ಅವನು ಒಮ್ಮೆಯೂ ಮುಟ್ಟದ ತುದಿ ಅದು. ಕಪ್ಪಗೆ, ನುಣ್ಣಗೆ ಇತ್ತು. ಉಗುರಿನಿಂದ ಒಂದಿಷ್ಟು ಕೆರೆದರೆ ಒಳಗೆ ಉಕ್ಕು ಹೊಸದರಂತೆ! ಆ ಕಡೆಯ ಬುಷ್ಷೂ ಹಳೆಯದೇ, ಆದರೆ ಸವೆದದ್ದು ಕಾಣಿಸಲೇ ಇಲ್ಲ.

ಆಗ ಅವನಿಗೆ ಹೊಳೆಯಿತು. ಕರಿ ಬುಷ್ ತನ್ನ ಮೈಯನ್ನು ತುಸು ತೇಯ್ದು ಉಕ್ಕಿಗೆ ಹೊದಿಸುತ್ತದೆ. ಹೊದಿಕೆ ಕೂತ ಮೇಲೆ ಎರಡಕ್ಕೂ ಸವೆತ ತೀರ ಕಡಿಮೆ. ಇವನೋ ಪ್ರತಿ ಅಮಾವಾಸ್ಯೆಗೂ ಆ ಹೊದಿಕೆಯನ್ನು ಕಿತ್ತೆಸೆದು, ಪಾಪದ ಬುಷ್ಷನ್ನು ಮತ್ತೆ ಮೊದಲಿನಿಂದ ತೇಯಿಸುತ್ತಿದ್ದ. "ಅಯ್ಯೋ, ನಾನೆಂಥ ಹುಚ್ಚ! ಪೂಜೆ ಮಾಡಿ ಮಾಡಿ ಕೊಂದೆನಲ್ಲ!" ಎಂದು ಹಣೆ ಚಚ್ಚಿಕೊಂಡ.

ಶಾಫ್ಟಿನ ಗೀರು ತೆಗೆಸಿ ನುಣುಪು ಮಾಡಿಸಿದ. ಬಲಗಡೆಗೆ ಹೊಸ ಗ್ರಾಫೈಟ್ ಬುಷ್ ಹಾಕಿದ. ಡ್ರಮ್ಮು ಅರಚಿತು, ಕರಿ ಪುಡಿ ಉದುರಿತು. ಅಭ್ಯಾಸಬಲ, ಕೈ ಎಮರಿ ಕಾಗದದ ಕಡೆ ಹೋಯಿತು. ಆ ಕಾಗದವನ್ನು ಎತ್ತಿ ಭಟ್ಟಿಯ ಬೆಂಕಿಗೇ ಹಾಕಿದ. "ಅರಚುವಷ್ಟು ಅರಚು. ಇನ್ನು ನಾನು ನಿನ್ನನ್ನು ಮುಟ್ಟಿದರೆ ಕೇಳು," ಎಂದು ಎದುರಿಗೇ ಕೂತ. ದಿನ ಕಳೆದಂತೆ ಅರಚಾಟ ಗುನುಗಾಯಿತು, ಆಮೇಲೆ ಅದೂ ನಿಂತಿತು.

ಹಬ್ಬದ ದಿನ ಅಣ್ಣ ಬಂದ. ಊರಿನ ಯಂತ್ರಗಳೆಲ್ಲ ಥಳಥಳ ಹೊಳೆಯುವಾಗ ಇಲ್ಲಿ ಶಾಫ್ಟಿನ ತುದಿ ಕಪ್ಪಗಿತ್ತು. "ಲಕ್ಷ್ಮಿ ಬರುವ ದಿನವೂ ಇದನ್ನು ಒರೆಸಲಿಲ್ಲವೇನೋ ಸೋಮಾರಿ?" ಎಂದು ಹೆಗಲ ಮೇಲಿನ ವಸ್ತ್ರ ಎತ್ತಿದ. ತಮ್ಮ ಅವನ ಕೈ ಹಿಡಿದುಕೊಂಡ. "ಅಣ್ಣಾ, ಬೇಕಾದರೆ ನನ್ನ ಕೆನ್ನೆಗೆ ಹೊಡೆ. ಅದನ್ನು ಮಾತ್ರ ಮುಟ್ಟಬೇಡ," ಎಂದು ಬಿಸಿ ಪುಟಾಣಿ ಅವನ ಬೊಗಸೆಗೆ ಸುರಿದ. ಅಣ್ಣ ಬಾಯಿಗೆ ಹಾಕಿಕೊಂಡ. ಒಂದೂ ಸೀದಿರಲಿಲ್ಲ, ಒಂದೂ ಹಸಿಯಿರಲಿಲ್ಲ. ಡ್ರಮ್ಮು ಸದ್ದಿಲ್ಲದೆ ತಿರುಗುತ್ತಿತ್ತು. "ತಕ್ಕಡಿಗೆ ಬೇರೆ ಆಳು ನೋಡುತ್ತೇನೆ," ಎಂದು ಅಣ್ಣ ಮನೆಗೆ ಹೋದ.

ಕತೆ ಮುಗಿಯಿತು. ಗುರುಪಾದನ ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಅರ್ಥವಾಯಿತು ಅಜ್ಜಾರೇ. ಮೆತ್ತಗಿರುವವನು ನಾನು, ಆದ್ದರಿಂದ ಆ ಒರಟನ ಜೊತೆ ನಾನೇ ಸವೆಯಬೇಕು. ಅಷ್ಟೇ ತಾನೇ?"

ದಾಸೋಹದ ಮನೆಯಿಂದ ಸಿದ್ರಾಮಣ್ಣನ ಕೂಗು ಕೇಳಿಸಿತು: "ಗುರುಪಾದಾ! ಹಂಡೆ ಇಳಿಸಬೇಕು, ಎಲ್ಲಿ ಹಾಳಾಗಿ ಹೋದೆಯೋ? ಬಾ, ಬಿಸಿ ಕಡೆ ನಾನು ಹಿಡಿಯುತ್ತೇನೆ!"

ಅಜ್ಜಾರು ಆ ಕೂಗು ಮುಗಿಯುವವರೆಗೆ ಕಾದರು.

"ಬುಷ್ ಅವನು ಕಣೋ, ಬಿಸಿ ಕಡೆ ಹಿಡಿದು ಸವೆಯುತ್ತಿರುವವನು. ದಿನವೂ ಬೆಳಿಗ್ಗೆ ನೀನು ತಿಕ್ಕಿ ತೊಳೆಯುತ್ತಿರುವುದು ಅವನು ತೇಯ್ದು ನಿನಗೆ ಹೊದಿಸಿದ ಮೈಯನ್ನು."

ಗುರುಪಾದ ಗಂಟನ್ನು ಅಲ್ಲೇ ಬಿಟ್ಟು ಹಂಡೆ ಇಳಿಸಲು ಎದ್ದ.