ಗುಡ್ಡ ನಡೆದು ಬಂದ ಕಥೆ

“ರೀ, ನಮ್ಮೂರ ಗುಡ್ಡ ಇಲ್ಲಿಗೆ ಯಾಕೆ ನಡೆದು ಬಂತಂತೆ? ಕೇಳಿಕೊಂಡು ಬನ್ನಿ,” ಎಂದು ಹೆಂಡತಿ ಹಲ್ಲಿ ಪ್ರಾಣ ಬಿಟ್ಟಿತು.

ಗಂಡ ಹಲ್ಲಿ ಊರ ಲೈಬ್ರರಿಯ ಗೋಡೆ ಇಳಿದು, ಸರಸ್ವತಿ ಪೂಜೆಗೆ ಇಟ್ಟಿದ್ದ ಕಥೆಪುಸ್ತಕವನ್ನು ಕೇಳಿತು.

“ಈಗ ಬಂದೆಯಾ? ದಸರಾ ರಜೆಯ ಮಕ್ಕಳಿಗೆ ಲೈಬ್ರರಿ ನಾಗವೇಣಮ್ಮ ಓದುವಾಗ ನಿನ್ನ ಹೆಂಡತಿ ಅರ್ಧ ಕಥೆಯವರೆಗೆ ಕಿವಿಗೊಟ್ಟಿದ್ದಳು. ನೀನು ಹುಳ ಹಿಡಿಯುತ್ತಿದ್ದೆ,” ಎಂದಿತು ಪುಸ್ತಕ.

“ತಪ್ಪಾಯಿತು. ಈಗ ಹೇಳು.”

“ಪೂಜೆ ಮುಗಿಯುವವರೆಗೆ ನನ್ನನ್ನು ಬಿಚ್ಚುವಂತಿಲ್ಲ. ಬಿಚ್ಚಿ ಓದದಿದ್ದರೆ ನನಗೂ ಗೊತ್ತಾಗದು. ನಾಳೆ ಬಾ. ಆದರೆ ಅವಳೇ ಇಲ್ಲ, ಕೇಳಿ ಯಾರಿಗೆ ಹೇಳುತ್ತೀಯ?”

“ಗೊತ್ತಿಲ್ಲ. ಕೇಳಬೇಕು.”

ಮರುದಿನ ವಿಜಯದಶಮಿ. ಬೆಳಿಗ್ಗೆ ನಾಗವೇಣಮ್ಮ ಪುಸ್ತಕ ತೆರೆದು ಮಕ್ಕಳಿಗೆ ಓದಿದರು: “ಒಂಟಿ ಗುಡ್ಡಕ್ಕೆ ದೂರದಲ್ಲಿ ಮಕ್ಕಳ ಗಲಾಟೆ ಕೇಳಿತು. ಅದಕ್ಕೇ ಎದ್ದು ಬಂತು.”

ಕಥೆ ಮುಗಿಯಿತು. ಹಲ್ಲಿ ಗೋಡೆ ಹತ್ತಲಿಲ್ಲ. ಮಕ್ಕಳ ಪಕ್ಕ ಕೂತು, “ಮುಂದಿನದು ಯಾವ ಕಥೆ?” ಎಂದಿತು.