ಕಾದ ತಗಡಿನ ಮಗ್ಗುಲು

"ಅಜ್ಜಾರ, ಉಗ್ರಾಣಕ್ಕ ಇನ್ನ ಎಂಥಾವನ್ನ ಹುಡುಕಬೇಕ್ರಿ?" ಎಂದು ಅಡಿವೆಪ್ಪ ಉಗ್ರಾಣದ ಬೀಗದ ಕೈಯನ್ನು ಮಠದ ಗುರುಗಳ ಮುಂದಿಟ್ಟು ಕೇಳಿದ.

ಮಠದ ದಾಸೋಹ ನೋಡಿಕೊಳ್ಳುತ್ತಿದ್ದವನು ಅವನೇ. ಉಗ್ರಾಣದ ಬಾಗಿಲಿಗೆ ಹತ್ತಿಯೇ ಅವನ ಗಾದಿ. ಒಂದು ಹಿಡಿ ಬೇಳೆ ಚೆಲ್ಲಿದರೂ ಅಲ್ಲಿಂದಲೇ ಮಾತು ಬೀಳುತ್ತಿತ್ತು. ಬಂದ ಉಗ್ರಾಣಿಗಳಲ್ಲಿ ಒಬ್ಬನೂ ನಿಲ್ಲಲಿಲ್ಲ. ಮೊದಲಿನವನು ಮೈಗಳ್ಳ, ಆಮೇಲಿನವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅಡಿವೆಪ್ಪ ಹೇಳಿದ್ದ. ಈಗಿನವನು ಸಾಧು ಪ್ರಾಣಿ. ಅವನೂ ಬೆಳಿಗ್ಗೆ ಬೀಗದ ಕೈಯನ್ನು ಅಡಿವೆಪ್ಪನಿಗೆ ಒಪ್ಪಿಸಿ, ಊರಿಗೆ ಹೋಗುತ್ತೇನೆ ಎಂದಿದ್ದ. ಅವನು ಹೋದರೆ ದಾಸೋಹ ನಿಲ್ಲುವುದೇ ಸೈ. ಅಡಿವೆಪ್ಪನಿಗೆ ಸಾಕುಸಾಕಾಗಿತ್ತು.

ಗುರುಗಳು ಪೂರ್ವಾಶ್ರಮದಲ್ಲಿ ಟಿ.ವಿ. ರಿಪೇರಿ ಕಲಿತವರು. ಅವನನ್ನು ಕೂರಿಸಿಕೊಂಡು ಕತೆ ತೆಗೆದರು.

ಒಬ್ಬ ರಿಪೇರಿಯವನಿದ್ದ. ಲಗ್ನಪತ್ರಿಕೆ ಮಾಡಿ ಹೊಟ್ಟೆ ಹೊರೆಯುವ ಒಬ್ಬ ಹೆಂಗಸು ತನ್ನ ಹಳೆಯ ಕಂಪ್ಯೂಟರ್ ಮಾನಿಟರನ್ನು ಅವನಲ್ಲಿಗೆ ತಂದಳು. ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಒಂದು ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ಕೆಟ್ಟು ನಿಂತಿತ್ತು. ಕೆಪಾಸಿಟರ್ ಎಂದರೆ ಪುಟ್ಟ ಡಬ್ಬಿ. ಕರೆಂಟನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುವುದು ಅದರ ಕೆಲಸ, ಥೇಟ್ ಉಗ್ರಾಣಿಯ ಕೆಲಸವೇ.

ಅವನು ಗುಜರಿ ಬೋರ್ಡೊಂದರಿಂದ ಅದೇ ಅಳತೆಯದನ್ನು ಕಿತ್ತು ಹಾಕಿದ. ಕೆಲವು ದಿನಕ್ಕೆ ಮಾನಿಟರ್ ಮತ್ತೆ ಬಂತು. ಹಳೆಯದು ಹಾಕಿದ್ದೇ ತಪ್ಪಾಯಿತೆಂದು ಹೊಸದನ್ನು ತಂದು ಹಾಕಿದ. ಅದೂ ಉಬ್ಬಿತು. ಹೆಚ್ಚು ಕಾವು ತಡೆಯುವಂಥದನ್ನು ಹುಡುಕಿ ತಂದ. ಅದು ಒಂದಷ್ಟು ದಿನ ಹೆಚ್ಚು ಬಾಳಿತು, ಅಷ್ಟೇ.

"ಈಗಿನ ಮಾಲೇ ಹಿಂಗವ್ವಾ, ಒಂದರಾಗೂ ತಾಕತ್ತಿಲ್ಲ" ಎಂದ.

"ಲಗ್ನದ ಸೀಜನ್ ಮುಗದ ಮ್ಯಾಲೆ ಇದು ಹತ್ತಿದರ ನನಗೇನು ಬಂತ್ರಿ ಅಣ್ಣಾರ?" ಎಂದಳು ಆಕೆ.

ಅವನು ಇನ್ನೊಂದು ಕೆಪಾಸಿಟರ್ ಹಾಕಿ, ಸ್ವಿಚ್ ಒತ್ತಿ, ಬಿಚ್ಚಿದ ಬೋರ್ಡಿನ ಮುಂದೆ ಸುಮ್ಮನೆ ಕೂತ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಝಳ ಬಡಿಯಿತು. ಕೆಪಾಸಿಟರಿಗೆ ಅಂಟಿಕೊಂಡೇ, ಬೋರ್ಡಿನ ಕಾವನ್ನು ಎಳೆದು ಹೊರಗೆ ಬಿಡುವ ಒಂದು ಅಲ್ಯೂಮಿನಿಯಂ ತಗಡು ನಿಂತಿತ್ತು. ಅದು ಒಲೆಯ ಹಾಗೆ ಕಾದಿತ್ತು. ಇಷ್ಟು ದಿನ ಉಬ್ಬಿದ್ದನ್ನೇ ನೋಡುತ್ತಿದ್ದವನು ಅದರತ್ತ ಕಣ್ಣು ಹಾಯಿಸಿರಲಿಲ್ಲ. ತಗಡಿಗೇನೂ ಆಗಿರಲಿಲ್ಲವಲ್ಲ. ಹೊಸದರಂತೆ ಹೊಳೆಯುತ್ತಿತ್ತು.

ಅವನು ಮಾನಿಟರ್ ಆರಿಸಿದ. ಮೊದಲಿನಂಥದೇ ಒಂದು ಸಾದಾ ಕೆಪಾಸಿಟರ್ ತೆಗೆದುಕೊಂಡು, ಅದರ ಕಾಲಿಗೆ ವೈರು ಬೆಸೆದು, ತಗಡಿನಿಂದ ದೂರ ಕೂರಿಸಿದ. ಮಾನಿಟರ್ ಮತ್ತೆ ಅವನ ಅಂಗಡಿಗೆ ಬರಲಿಲ್ಲ.

ಕತೆ ಮುಗಿದದ್ದೇ ಅಡಿವೆಪ್ಪ ಕೇಳಿದ.

"ಅಲ್ಲಿ ತಗಡು ಇತ್ರಿ, ಖರೆ. ನಮ್ಮ ಉಗ್ರಾಣದ ಮಗ್ಗಲಕ ಅಂಥಾದ್ದು ಏನೈತ್ರಿ ಅಜ್ಜಾರ?"

ಗುರುಗಳು ಬೀಗದ ಕೈಯನ್ನು ಅವನ ಕೈಗೆ ಹಿಂದಿರುಗಿಸಿದರು.

"ನಾಳೆ ನಿನ್ನ ಗಾದಿ ಒಂದೀಟು ದೂರ ಹಾಕ್ಕೊಂಡು ನೋಡಪಾ."