ಬುಡದ ಎಲೆ

“ಬುದ್ಧಿ, ಮನೆಯಲ್ಲಿ ಯಾರದೂ ದೂರಿಲ್ಲ ಎಂದರೆ ಮನೆ ಸುಖವಾಗಿದೆ ಎಂದು ತಿಳಿಯಬಹುದಲ್ಲವೇ?”

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಚಿಕ್ಕಬಸಪ್ಪ. ಕಾಳಿನ ವ್ಯಾಪಾರಿ, ಸಂಸಾರಸ್ಥ ಶಿಷ್ಯ. ಸೋಮವಾರ ಬಂತೆಂದರೆ ಮಠಕ್ಕೆ ಬಂದು ಒಂದು ದಿನ ಇದ್ದು ಹೋಗುತ್ತಿದ್ದ. ಮನೆಯ ಚಿಂತೆ ತನಗೆ ಸ್ವಲ್ಪವೂ ಇಲ್ಲ, ಇನ್ನು ಮೇಲೆ ತಿಂಗಳುಗಟ್ಟಲೆ ಇಲ್ಲೇ ಉಳಿದು ಧ್ಯಾನ ಮಾಡಬೇಕೆಂದಿದ್ದೇನೆ ಎಂದೂ ಹೇಳಿದ. ಸ್ವಾಮಿಗಳು ನಕ್ಕರು. ಅವರು ಹಾಗೆ ನಕ್ಕರೆ ಮುಂದೆ ಬರುವುದು ಹಿತವಾದ ಮಾತಲ್ಲ ಎಂದು ಹಳೆಯ ಶಿಷ್ಯರಿಗೆ ಗೊತ್ತಿತ್ತು.

“ಒಂದು ಕತೆ ಇದೆ. ಕೇಳಿಸಿಕೊಂಡು ಆಮೇಲೆ ನೀನೇ ತೀರ್ಮಾನ ಮಾಡು,” ಎಂದು ಹೇಳತೊಡಗಿದರು.

ಒಬ್ಬ ತೋಟಗಾರನಿದ್ದ. ಮನೆಯ ಸುತ್ತ ಗುಲಾಬಿ ಬೆಳೆದು ಪೇಟೆಗೆ ಹೂ ಕಳಿಸುತ್ತಿದ್ದ. ಎಲೆ ನೋಡಿ ಗಿಡದ ಹಸಿವನ್ನು ಹೇಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸುತ್ತಲ ಊರಿನವರು ಒಂದು ಎಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವನ ಬಳಿ ಬರುತ್ತಿದ್ದರು. ಚಿಗುರು ಬಿಳಚಿಕೊಂಡು ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಅಂಶ ಸಾಲದು, ಅನ್ನಭೇದಿಯ ನೀರು ಸಿಂಪಡಿಸಿ ಎನ್ನುತ್ತಿದ್ದ. ಬುಡದ ಎಲೆ ಹಳದಿಯಾಗಿದ್ದರೆ ಯೂರಿಯಾದ ನೀರು ಎನ್ನುತ್ತಿದ್ದ. ಯಾವುದೇ ಆಗಲಿ, ಜ್ವರ ಬಿಟ್ಟವನಿಗೆ ಕೊಡುವ ಗಂಜಿಯ ಹಾಗೆ ತೆಳುವಾಗಿರಬೇಕು. ಬಿಸಿಲೇರುವ ಮುಂಚೆ ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಬೇಕು. ಗಟ್ಟಿಯಾದರೆ ಎಲೆ ಸುಟ್ಟುಹೋಗುತ್ತದೆ. ಅಂಗಡಿಯಲ್ಲಿ ಕಂಡ ಕಂಡ ಬಾಟಲಿ ತಂದು ಸುರಿಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಯಾವ ಹಸಿವು ಎಂದು ನೋಡದೆ ಊಟ ಹಾಕುವವನು ಮೂರ್ಖ ಎನ್ನುತ್ತಿದ್ದ. ಅವನು ಹೇಳಿದ್ದೆಲ್ಲ ನಿಜ. ಅವನ ತಿಳಿವಳಿಕೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅದನ್ನು ಮಾತ್ರ ಮರೆಯಬೇಡ.

ಅವನಿಗೆ ಹೆಂಡತಿ, ಮೂರು ಮಕ್ಕಳು, ವಯಸ್ಸಾದ ತಾಯಿ. ಕೊನೆಯ ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು. ಹೆಂಡತಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು. ಮುದ್ದೆ ಉಳಿದ ದಿನ ಸಾರು ಇರುತ್ತಿರಲಿಲ್ಲ, ಸಾರು ಉಳಿದ ದಿನ ಮುದ್ದೆ ಇರುತ್ತಿರಲಿಲ್ಲ. ಬಡತನ ಎಂದುಕೊಳ್ಳಬೇಡ. ಆ ಮನೆಯಲ್ಲಿ ಬಡತನವಿರಲಿಲ್ಲ, ಪದ್ಧತಿ ಇತ್ತು. ಊಟ ಆಯಿತೇ ಎಂದು ಗಂಡ ದಿನವೂ ಕೇಳುತ್ತಿದ್ದ. ಆಯಿತು ಎಂದು ಅವಳು ದಿನವೂ ಹೇಳುತ್ತಿದ್ದಳು. ಕೇಳಿದ ಮೇಲೆ ಅವನು ನೆಮ್ಮದಿಯಾಗಿ ಮಲಗುತ್ತಿದ್ದ.

ಒಂದು ಬೆಳಿಗ್ಗೆ ಅವನು ಗಿಡಗಳ ನಡುವೆ ಬಗ್ಗಿ ಎಲೆಗಳನ್ನು ಮಗುಚಿ ನೋಡುತ್ತಿದ್ದ. ನೀರು ತರುತ್ತಿದ್ದ ಹೆಂಡತಿ ಕೊಡ ಕೆಳಗಿಟ್ಟು, ಸುಧಾರಿಸಿಕೊಳ್ಳಲು ಅಲ್ಲೇ ಕುಳಿತಳು.

“ಮೇಲೆ ಚಿಗುರು ಇಷ್ಟು ಚೆನ್ನಾಗಿ ಅದೆ, ಬುಡದಲ್ಲಿ ಏನು ಹುಡುಕ್ತೀರಿ?” ಎಂದು ಕೇಳಿದಳು.

“ಚಿಗುರು ನೋಡಿದ್ರೆ ಏನೂ ಗೊತ್ತಾಗಲ್ಲ ಕಣೆ. ಗಿಡಕ್ಕೆ ಸಾಲದೆ ಬಂದಾಗ ಬುಡದ ಎಲೆ ತನ್ನ ಸಾರವನ್ನೆಲ್ಲ ಮೇಲಕ್ಕೆ ಕೊಟ್ಬುಡ್ತದೆ. ಚಿಗುರು ಹಸಿರಾಗೇ ಇರ್ತದೆ. ಇದು ಹಳದಿಯಾಗ್ತದೆ.”

“ಈಗ ಸಿಂಪಡಿಸಿದ್ರೆ ಉಳಿಯಲ್ವಾ?”

“ಹೊತ್ತಿಗೆ ಕಣ್ಣಿಗೆ ಬಿದ್ದಿದ್ರೆ ಉಳೀತಿತ್ತು. ಇಷ್ಟಾದ ಮೇಲೆ ಇಲ್ಲ. ಉದುರಿಹೋಗ್ತದೆ.”

ಅವಳು ಆ ಎಲೆಯನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಕೊಡ ಎತ್ತಿಕೊಂಡು ಒಳಗೆ ಹೋದಳು. ಅವನು ಮುಂದಿನ ಗಿಡಕ್ಕೆ ಬಗ್ಗಿದ.

ಬರಬರುತ್ತ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ತುಟಿ ಬಿಳಚಿತು, ಪಾದ ಊದಿತು. ಬಿಸಿಲಿಗೆ ಹೀಗೆ ಎಂದಳು. ಮಗು ನಿದ್ದೆಗೆಡಿಸುತ್ತದೆ ಎಂದಳು. ಅವನು ನಂಬಿದ. ನಂಬುವುದು ಸುಲಭವಾಗಿತ್ತು. ಮಕ್ಕಳು ಮೈತುಂಬಿಕೊಂಡಿದ್ದವು, ತಾಯಿ ಗಟ್ಟಿಯಾಗಿದ್ದಳು, ಹೊತ್ತಿಗೆ ಸರಿಯಾಗಿ ಅವನ ತಟ್ಟೆಗೆ ಊಟ ಬೀಳುತ್ತಿತ್ತು. ಇಂಥ ಮನೆಯಲ್ಲಿ ಕುಳಿತು ಏನೋ ಸರಿಯಿಲ್ಲ ಎಂದು ಯಾವ ಗಂಡಸಿಗೆ ಹೊಳೆಯುತ್ತದೆ, ನೀನೇ ಹೇಳು.

ಒಂದು ದಿನ ಹೂ ಕೊಯ್ಯುತ್ತಿದ್ದವಳು ಗಿಡಗಳ ನಡುವೆಯೇ ಬಿದ್ದಳು. ಆಸ್ಪತ್ರೆಗೆ ಎತ್ತಿಕೊಂಡು ಹೋದರು. ವೈದ್ಯರು ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆಯನ್ನು ಮಗುಚಿ ನೋಡಿದರು. ಒಳಗೆ ಕೆಂಪೆಂಬುದೇ ಇರಲಿಲ್ಲ.

“ಮೈಯಲ್ಲಿ ರಕ್ತವೇ ಇಲ್ಲ. ಇದು ಇವತ್ತು ನಿನ್ನೆಯದಲ್ಲ. ಮನೆಯಲ್ಲಿ ಯಾರೂ ನೋಡಲಿಲ್ವಾ?” ಎಂದು ವೈದ್ಯರು ಕೇಳಿದರು.

“ಏನು ಕೊಡಬೇಕು ಹೇಳಿ ಡಾಕ್ಟ್ರೇ. ಎಲ್ಲಿದ್ರೂ ತರ್ತೀನಿ,” ಎಂದು ತೋಟಗಾರ ಕೈಮುಗಿದ.

ರಕ್ತ ಏರಿಸಿದರು. ಅಷ್ಟರಲ್ಲಿ ಗುಂಡಿಗೆ ಸೋತುಹೋಗಿತ್ತು. ಸಂಜೆಯ ಹೊತ್ತಿಗೆ ಅವಳು ತೀರಿಕೊಂಡಳು. ಹಾಲು ಬಿಡದ ಮಗು ಅಜ್ಜಿಯ ತೊಡೆಯ ಮೇಲೆ ಅಳುತ್ತಲೇ ಇತ್ತು. ಅದನ್ನು ಸುಮ್ಮನಾಗಿಸಲು ಯಾರಿಂದಲೂ ಆಗಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಪಕ್ಕದ ಊರಿನಿಂದ ಒಬ್ಬ ಬಂದ. ಸುದ್ದಿ ಅವನಿಗೆ ತಲುಪಿರಲಿಲ್ಲ. ಹಳದಿಯಾದ ಎಲೆಯೊಂದನ್ನು ಮುಂದೆ ಹಿಡಿದು ಏನು ಸಿಂಪಡಿಸಲಿ ಎಂದು ಕೇಳಿದ. ತೋಟಗಾರ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಮಗುಚಿ ನೋಡಿದ.

“ನನಗೆ ಯಾಕಪ್ಪ ತೋರಿಸ್ತೀಯ? ನನಗೆ ನೋಡಕ್ಕೆ ಬರಲ್ಲ,” ಎಂದು ಅದನ್ನು ಹಿಂದಕ್ಕೆ ಕೊಟ್ಟ.

ಸ್ವಾಮಿಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಚಿಕ್ಕಬಸಪ್ಪನ ಮುಖ ಸಪ್ಪಗಾಗಿತ್ತು. ಆದರೂ ವ್ಯಾಪಾರಿಯಲ್ಲವೇ, ಒಂದು ಮಾತು ಆಡದೆ ಬಿಡಲಿಲ್ಲ.

“ಪಾಪ. ಆದರೆ ಬುದ್ಧಿ, ಆಯಮ್ಮನಾದರೂ ಬಾಯಿಬಿಟ್ಟು ಹೇಳಬಹುದಾಗಿತ್ತು.”

“ಅದಿರಲಿ. ಬೆಳಿಗ್ಗೆ ನೀನು ಹೊರಡುವಾಗ ನಿನ್ನ ಹೆಂಡತಿ ಬುತ್ತಿ ತಂದು ಕೈಗೆ ಕೊಟ್ಟಳಲ್ಲ, ಆಗ ಅವಳ ಮುಖ ಹೇಗಿತ್ತು, ಹೇಳು.”

ಚಿಕ್ಕಬಸಪ್ಪನಿಗೆ ಬುತ್ತಿಯಷ್ಟೇ ನೆನಪಾಯಿತು.